ಒಲೆ ಬೇಡದ ಕಾಫಿ

ಮನೆಗೆ ಬಂದವರನ್ನು ಒಂದು ಲೋಟ ಕಾಫಿಯನ್ನಾದರೂ ಕೊಡದೆ ಕಳುಹಿಸುವುದು ನಮ್ಮ ಸೀಮೆಯಲ್ಲಿ ಸಲ್ಲದ ನಡತೆ. ಕೃಷ್ಣರಾಜನಗರದಿಂದ ಹಾಸನಕ್ಕೆ ಹೋಗುವ ರಸ್ತೆಯ ಮೇಲಿರುವ ನಮ್ಮ ಭೇರ್ಯದ ಸುತ್ತ ಬೆಳೆಯುವುದು ಭತ್ತವೇ ಹೊರತು ಕಾಫಿಯಲ್ಲ. ಆದರೂ ಕೊಡಗೂ ಸಕಲೇಶಪುರವೂ ಬಹುದೂರವಲ್ಲವಾದ್ದರಿಂದ, ಬಾಬಾ ಬುಡನ್ ಎಂಬ ಸಂತನು ಮೋಕಾದಿಂದ ತಂದನೆಂದು ಪ್ರತೀತಿಯಿರುವ ಏಳು ಬೀಜಗಳ ಸಂತತಿಯು ನಮ್ಮ ಅಡಿಗೆಮನೆಯನ್ನು ಬಹುಕಾಲದಿಂದ ಆಳುತ್ತಿರುವುದು. ನಮ್ಮ ಮನೆಯಲ್ಲಿ ಆ ಆಳ್ವಿಕೆಯು ತಾಯಿಯವರ ಕೈಯಲ್ಲಿತ್ತು.

ಎಂಬತ್ತು ದಾಟಿದ ಮೇಲೆ ಅವರ ಕೈ ನಡುಗತೊಡಗಿತು. ಒಂದು ಬೆಳಗ್ಗೆ ಫಿಲ್ಟರಿಗೆ ಹೊಯ್ಯುತ್ತಿದ್ದ ಕುದಿನೀರು ಮುಂಗೈಯ ಮೇಲೆ ಚೆಲ್ಲಿತು. ಗಾಯವು ಹದಿನೈದು ದಿನಗಳಲ್ಲಿ ಮಾಯಿತು. ಆದರೆ ‘ಇನ್ನು ನೀವು ಒಲೆಯ ಬಳಿಗೆ ಹೋಗಕೂಡದು’ ಎಂದು ನಾವಾಡಿದ ಮಾತು ಮಾಯಲಿಲ್ಲ. ಮನೆಯಾಕೆ ಇಲ್ಲದ ಹೊತ್ತಿನಲ್ಲಿ ನೆರೆಯವರು ಬಂದರೆ, ತಾಯಿಯವರು ಅಡಿಗೆಮನೆಯ ಬಾಗಿಲನ್ನೊಮ್ಮೆ ನೋಡಿ, ತಪ್ಪು ಮಾಡಿದವರಂತೆ, ‘ಸ್ವಲ್ಪ ಕುಳಿತಿರಿ, ಸೊಸೆ ಬರಲಿ’ ಎನ್ನುವರು.

ಕಳೆದ ಬೇಸಗೆಯಲ್ಲಿ ಬೆಂಗಳೂರಿನಿಂದ ಬಂದ ನಮ್ಮ ಮಗಳು ತಣ್ಣೀರಿನಲ್ಲಿಯೇ ಕಾಫಿ ತೆಗೆಯುವ ಕ್ರಮವನ್ನು ತಿಳಿಸಿದಳು. ಬಿಸಿನೀರು ನಿಮಿಷಗಳಲ್ಲಿ ಮಾಡುವ ಕೆಲಸವನ್ನು ತಣ್ಣೀರು ರಾತ್ರಿಯೆಲ್ಲ ನಿಂತು ಮಾಡುವುದಂತೆ. ಮೊದಲನೆಯ ಸಲ ಚಿಕೋರಿ ಬೆರೆತ ನುಣ್ಣನೆಯ ಪುಡಿಯನ್ನೇ ಹಾಕಿದೆವು; ಸೋಸುವ ಬಟ್ಟೆ ಕಟ್ಟಿಕೊಂಡು ಕೆಸರೇ ಉಳಿಯಿತು. ಎರಡನೆಯ ಸಲ ಸೆಕೆಯಲ್ಲಿ ಒಂದು ಹಗಲು, ಒಂದು ರಾತ್ರಿ ಪಾತ್ರೆಯನ್ನು ಹೊರಗಿಟ್ಟು ಮರೆತು, ಕೆಟ್ಟ ವಾಸನೆ ಬಂದುದರಿಂದ ಚೆಲ್ಲಿದೆವು. ಮೂರನೆಯ ಯತ್ನವು ಫಲಿಸಿತು.

ಅದರ ಕ್ರಮವಿಷ್ಟು. ಚಿಕೋರಿಯಿಲ್ಲದ ಕಾಫಿಬೀಜವನ್ನು ಉಪ್ಪಿಟ್ಟಿನ ರವೆಯಂತೆ ತರಿಯಾಗಿ ಬೀಸಿಸಬೇಕು. ಅದರಲ್ಲಿ 50 ಗ್ರಾಂ ಪುಡಿಯನ್ನು ಸ್ಟೀಲಿನ ಪಾತ್ರೆಗೆ ಹಾಕಿ, ಕುದಿಸಿ ಆರಿಸಿದ 400 ಮಿಲಿಲೀಟರ್ ನೀರನ್ನು ಹೊಯ್ದು, ಪುಡಿಯೆಲ್ಲ ನೆನೆಯುವಂತೆ ಕಲಕಿ, ಮುಚ್ಚಳವಿಟ್ಟು, ಶೀತಕಪೆಟ್ಟಿಗೆಯಲ್ಲಿ 12ರಿಂದ 16 ಗಂಟೆಗಳ ಕಾಲ ಇಡಬೇಕು. ಬಳಿಕ ಜಾಲರಿಯ ಮೇಲೆ ಒಗೆದ ತೆಳುಬಟ್ಟೆಯನ್ನು ಎರಡು ಮಡಿಕೆಯಾಗಿ ಹಾಸಿ ಸೋಸಬೇಕು. ಹಿಂಡಿದರೆ ಗಸಿ ಇಳಿಯುವುದು. ಪುಡಿಯು ಕೊಂಚ ನೀರನ್ನು ಹೀರಿಕೊಳ್ಳುವುದರಿಂದ ಸುಮಾರು 300 ಮಿಲಿಲೀಟರ್ ಗಟ್ಟಿರಸವು ದೊರೆಯುವುದು. ಇದಕ್ಕೆ ಸಮಪ್ರಮಾಣದಲ್ಲಿ ಕಾಯಿಸಿ ಆರಿಸಿದ ಹಾಲನ್ನಾಗಲಿ ನೀರನ್ನಾಗಲಿ ಬೆರೆಸಬಹುದು. ತಣ್ಣಗಿರುವುದರಲ್ಲಿ ಸಕ್ಕರೆ ಬೇಗ ಕರಗದಾದ್ದರಿಂದ ತೆಳುಪಾಕವನ್ನು ಮೊದಲೇ ಮಾಡಿಟ್ಟಿರುವುದು ಲೇಸು. ಉಳಿದ ರಸವನ್ನು ಶೀತಕಪೆಟ್ಟಿಗೆಯಲ್ಲಿಯೇ ಇಟ್ಟು ಎರಡು ಮೂರು ದಿನಗಳೊಳಗೆ ಮುಗಿಸಬೇಕು.

ರುಚಿಯಲ್ಲಿ ಕಹಿ ಕಡಮೆ. ಆದರೆ ಪರಿಮಳವೂ ಕಡಮೆಯೇ. ಹುಳಿಯಂಶವು ಇರುವುದೇ ಇಲ್ಲವೆಂದು ಹೊಟ್ಟೆಯುರಿಯುಳ್ಳವರು ನಂಬಬಾರದು. ಅಮೆರಿಕದ ಫಿಲಡೆಲ್ಫಿಯದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಬಿಸಿ ಮತ್ತು ತಣ್ಣೀರಿನ ಕಾಫಿಗಳ ಆಮ್ಲಮಾನವು ಹೆಚ್ಚುಕಡಮೆ ಒಂದೇ ಎಂದು ಕಂಡುಬಂದಿತು. ನಿದ್ದೆಗೆಡಿಸುವ ಕೆಫೀನು ತಣ್ಣೀರಿಗೂ ಇಳಿಯುವುದಾದ್ದರಿಂದ, ನಾಲಿಗೆಗೆ ಮೃದುವೆಂದು ಸಂಜೆಯ ಮೇಲೆ ಲೋಟಗಟ್ಟಲೆ ಕುಡಿಯುವುದೂ ತರವಲ್ಲ.

ನೀರನ್ನೂ ಹಾಲನ್ನೂ ಕಾಯಿಸುವುದಷ್ಟೇ ಈಗ ನಮ್ಮ ಪಾಲಿನ ಕೆಲಸ, ಉಳಿದುದೆಲ್ಲವೂ ತಾಯಿಯವರದು. ಮೊದಲ ದಿನ ಬಂದ ನೆರೆಯಾಕೆ ಲೋಟವನ್ನು ಮುಟ್ಟಿ, ‘ಇದೇನಮ್ಮಾ, ಆರಿಹೋಗಿದೆಯಲ್ಲ!’ ಎಂದರು. ‘ಆರಿದ್ದಲ್ಲ, ಅದು ಇರುವುದೇ ಹಾಗೆ; ನಾನೇ ಮಾಡಿದ್ದು, ಕುಡಿ’ ಎಂದರು ತಾಯಿಯವರು. ಆ ‘ನಾನೇ’ ಎಂಬ ಮಾತನ್ನು ಕೇಳಿ ಬಹಳ ದಿನಗಳಾಗಿದ್ದವು.

ಬೆಳಗಿನ ಹೊತ್ತು ನಮಗೆ ಇಂದಿಗೂ ಹೊಗೆಯಾಡುವ ಫಿಲ್ಟರ್ ಕಾಫಿಯೇ ಬೇಕು. ಆದರೆ ವೃದ್ಧರಿಗೆ ಒಂದು ಕೆಲಸವನ್ನು ಬೇಡವೆನ್ನುವ ಮುನ್ನ, ಅದನ್ನು ಅವರೇ ಮಾಡಬಹುದಾದ ಬೇರೊಂದು ದಾರಿಯುಂಟೆ ಎಂದು ಹುಡುಕಬೇಕಾಗಿತ್ತೆಂಬುದು, ತಡವಾಗಿಯಾದರೂ, ನಮಗೆ ತಿಳಿಯಿತು.