ಕಥೆಯಿಲ್ಲದ ಕಾನು, ಕಥೆಯಿಲ್ಲದ ಆಟ

ಶಿರಸಿಯಿಂದ ಯಲ್ಲಾಪುರದ ರಸ್ತೆ ಹಿಡಿದು ಭೈರುಂಬೆ ದಾಟಿದರೆ ಹುಳಗೋಳದ ಹತ್ತಿರ ಶಾಲ್ಮಲಾ ನದಿಗೆ ಇಳಿಯುವ ದಾರಿ ಸಿಗುತ್ತದೆ. ಮಳೆಗಾಲದಲ್ಲಿ ಹೋದವರಿಗೆ ಅಲ್ಲಿ ಕಾಣುವುದು ಕೆಂಪು ನೀರು ಮತ್ತು ಅದರ ರಭಸ, ಅಷ್ಟೇ. ದೀಪಾವಳಿ ಕಳೆದು ಹೊಳೆ ಇಳಿಯತೊಡಗಿದಂತೆ ಶಿವಲಿಂಗಗಳು ಒಂದೊಂದಾಗಿ ತಲೆ ಎತ್ತುತ್ತವೆ. ಬಂಡೆಯ ನೆತ್ತಿಯ ಮೇಲೊಂದು, ಸುಳಿಯ ಬದಿಗೊಂದು, ಪೂರ್ತಿ ಸವೆದು ಬರೀ ಉಬ್ಬಾಗಿ ಉಳಿದದ್ದು ಇನ್ನೊಂದು. ಅಲ್ಲಲ್ಲಿ ಎದುರಿಗೊಂದು ನಂದಿ. ಶಿವರಾತ್ರಿಯ ಹೊತ್ತಿಗೆ ಇಡೀ ಹೊಳೆಯೇ ಲಿಂಗಮಯ. ಇದೇ ಸಹಸ್ರಲಿಂಗ. ಸೋದೆಯ ಅರಸ ಸದಾಶಿವರಾಯ (1678–1718) ಕೆತ್ತಿಸಿದ್ದು ಎನ್ನುತ್ತಾರೆ. ಹೊಳೆಯ ನಡುವೆಯೇ ಯಾಕೆ ಕೆತ್ತಿಸಿದ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಕಥೆ ಹೇಳುತ್ತಾರೆ. ಬಂದವರಿಗೆ ಆ ಕಥೆ ಕೇಳುವ ವ್ಯವಧಾನವೇನೂ ಇರುವುದಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು ಬಂಡೆಯಿಂದ ಬಂಡೆಗೆ ಜಿಗಿಯುತ್ತಾ ಹೋಗುತ್ತಾರೆ. ಸಾವಿರ ಇವೆಯೋ ಇಲ್ಲವೋ ಎಂದು ಎಣಿಸಲು ಹೊರಟವರೂ ನೂರು ದಾಟುವಷ್ಟರಲ್ಲಿ ಲೆಕ್ಕ ತಪ್ಪಿ, ನೀರಿಗೆ ಕಾಲು ಇಳಿಬಿಟ್ಟು ಕುಳಿತುಬಿಡುತ್ತಾರೆ.

ಈ ಜಾಗವನ್ನು ಮತ್ತೆ ನೆನೆಯುವಂತೆ ಮಾಡಿದ್ದು ಒಬ್ಬ ಪಾಲಕರು ಕೇಳಿದ ಪ್ರಶ್ನೆ. ಅವರು ಸಿದ್ದಾಪುರ ಕಡೆಯ ಅಡಿಕೆ ಕೃಷಿಕರು. ಮಗ ಹತ್ತನೆಯ ತರಗತಿ. “ಮಾಸ್ತರೇ, ಬೇರೆ ಹುಡುಗರು ಕಂಪ್ಯೂಟರಿನಲ್ಲಿ ಕಾರು ಓಡಿಸುತ್ತಾರೆ, ಬಂದೂಕು ಹಾರಿಸುತ್ತಾರೆ. ಅದಾದರೂ ಅರ್ಥವಾಗುತ್ತದೆ. ನಮ್ಮವನು ಒಂದು ಆಟ ಹಾಕಿಕೊಂಡು ಕೂತರೆ ಅದರಲ್ಲಿ ಗೆಲ್ಲುವುದಿಲ್ಲ, ಸೋಲುವುದಿಲ್ಲ. ಒಂದು ಗೊಂಬೆ ಕತ್ತಲಲ್ಲಿ ನಡೆಯುತ್ತಲೇ ಇರುತ್ತದೆ. ಇವನ ತಲೆಗೆ ಏನಾದರೂ ಆಗಿದೆಯೋ?” ಹುಡುಗನನ್ನು ಕರೆದು ಕೇಳಿದೆ. “ಎಂತ ಇಲ್ಲ ಸರ್, ಸುಮ್ನೆ ತಿರುಗೋದು” ಎಂದ. ಆಟ ತೋರಿಸು ಎಂದೆ. ತೋರಿಸಿದ.

ಆಟದ ಹೆಸರು ‘ಯುಮೆ ನಿಕ್ಕಿ’. ಜಪಾನಿ ಭಾಷೆಯಲ್ಲಿ ಕನಸಿನ ದಿನಚರಿ ಎಂದರ್ಥ. 2004ರಲ್ಲಿ ಕಿಕಿಯಾಮಾ ಎಂಬ ಹೆಸರಿಟ್ಟುಕೊಂಡ ಒಬ್ಬರೇ ವ್ಯಕ್ತಿ ಇದನ್ನು ಮಾಡಿ ಪುಕ್ಕಟೆ ಹಂಚಿದರು. ತಮ್ಮ ಗುರುತನ್ನು ಬಿಟ್ಟುಕೊಡಲಿಲ್ಲ. ದೊಡ್ಡ ಕಂಪನಿಯ ಹಂಗಿಲ್ಲದೆ ಒಬ್ಬಿಬ್ಬರೇ ಕೂತು ಮಾಡುವ ಇಂಥ ಆಟಗಳಿಗೆ ‘ಇಂಡೀ’ ಎನ್ನುತ್ತಾರೆ. ಕೋಣೆ ಬಿಟ್ಟು ಹೊರಗೆ ಕಾಲಿಡಲು ಒಪ್ಪದ ಒಬ್ಬ ಹುಡುಗಿ. ಅವಳನ್ನು ಹಾಸಿಗೆಯ ಮೇಲೆ ಮಲಗಿಸಿದರೆ ಕನಸು ಶುರು. ಕನಸಿನಲ್ಲಿ ಹನ್ನೆರಡು ಬಾಗಿಲು. ಒಂದರ ಹಿಂದೆ ಹಿಮ, ಒಂದರ ಹಿಂದೆ ಕಾಡು, ಇನ್ನೊಂದರ ಹಿಂದೆ ನೆಲವೆಲ್ಲ ಕಣ್ಣು. ಮಾತಿಲ್ಲ, ಅಂಕವಿಲ್ಲ, ಎಲ್ಲಿಗೆ ಹೋಗಬೇಕೆಂದು ಯಾರೂ ಹೇಳುವುದಿಲ್ಲ. ಸಾಕೆನಿಸಿದರೆ ಹುಡುಗಿ ತನ್ನ ಕೆನ್ನೆ ತಾನೇ ಚಿವುಟಿಕೊಂಡು ಎಚ್ಚರಾಗುತ್ತಾಳೆ. ಅಲ್ಲಲ್ಲಿ ಸಿಗುವ ಇಪ್ಪತ್ನಾಲ್ಕು ವಸ್ತುಗಳನ್ನು ಕೂಡಿಹಾಕಬಹುದು, ಕೂಡಿಹಾಕದೆಯೂ ಇರಬಹುದು. ಸೈಕಲ್ ಒಂದು ಸಿಕ್ಕರೆ ನಡಿಗೆ ಚುರುಕಾಗುತ್ತದೆ. ಅಲ್ಲಿಯವರೆಗೆ ಆಮೆಯ ಗತಿಯೇ.

ಈ ಜಾತಿಯ ಆಟಗಳಿಗೆ ಅದಕ್ಕೂ ಹಿಂದಿನ ಅಜ್ಜ ಒಬ್ಬನಿದ್ದಾನೆ. 1998ರಲ್ಲಿ ಜಪಾನಿನಲ್ಲೇ ಒಸಾಮು ಸಾಟೊ ಎಂಬ ಕಲಾವಿದ ಪ್ಲೇಸ್ಟೇಷನ್ ಯಂತ್ರಕ್ಕಾಗಿ ‘ಎಲ್‌ಎಸ್‌ಡಿ’ ಎಂಬ ಆಟ ಮಾಡಿದ. ಹೆಸರು ಪಾಲಕರನ್ನು ಬೆಚ್ಚಿಬೀಳಿಸುವಂಥದ್ದೇ. ಅದಕ್ಕೆ ಆಧಾರ ಮಾತ್ರ ಹಿರೋಕೊ ನಿಶಿಕಾವಾ ಎಂಬ ಮಹಿಳೆ ಹತ್ತು ವರ್ಷ ಬರೆದಿಟ್ಟ ತನ್ನ ಕನಸುಗಳ ದಿನಚರಿ. ಗೋಡೆಯನ್ನೋ ಪ್ರಾಣಿಯನ್ನೋ ಮುಟ್ಟಿದರೆ ಇನ್ನೊಂದು ಲೋಕಕ್ಕೆ ಹೋಗಿ ಬೀಳುತ್ತೀರಿ. ಹತ್ತು ನಿಮಿಷಕ್ಕೆ ಕನಸು ಮುಗಿಯುತ್ತದೆ. 2013ರ ‘ಪ್ರೋಟಿಯಸ್’ ಎಂಬ ಇಂಗ್ಲಿಷ್ ಆಟದಲ್ಲಂತೂ ಒಂದು ದ್ವೀಪದ ಮೇಲೆ ಋತುಗಳು ಬದಲಾಗುವುದನ್ನು ನೋಡುತ್ತಾ ನಡೆಯುವುದು ಬಿಟ್ಟರೆ ಬೇರೆ ಕೆಲಸವೇ ಇಲ್ಲ. ಕಪ್ಪೆಯ ಹತ್ತಿರ ಹೋದರೆ ಒಂದು ಸ್ವರ, ಮರದ ಹತ್ತಿರ ಹೋದರೆ ಇನ್ನೊಂದು. ನಮ್ಮ ದೇಶದಲ್ಲೂ ಗುಜರಾತಿನ ವಾಪಿ ಬಳಿಯ ಚಾಲಾ ಎಂಬ ಸಣ್ಣ ಊರಿನಲ್ಲಿ ಕೂತು ‘ಸ್ಟುಡಿಯೊ ಓಲಿಯೋಮಿಂಗಸ್’ ಎಂಬ ಪುಟ್ಟ ತಂಡ ಇಂಥ ವಿಚಿತ್ರಲೋಕದ ಆಟಗಳನ್ನು ಮಾಡಿದೆ. ಬೆಂಗಳೂರೇ ಬೇಕೆಂದಿಲ್ಲ ಎಂಬುದನ್ನು ನಮ್ಮ ಮಕ್ಕಳು ಗಮನಿಸಲಿ.

ಕಥೆಯೇ ಇಲ್ಲದ ಮೇಲೆ ಸುಖವೇನು ಎಂದು ಕೇಳುವವರಿಗೆ ನಮ್ಮ ಕಡೆಯವರು ಉತ್ತರ ಹುಡುಕಬೇಕಾಗಿಲ್ಲ. ರಾತ್ರಿಯಿಡೀ ಯಕ್ಷಗಾನ ನೋಡುವವನಿಗೆ ಕೀಚಕ ಸಾಯುತ್ತಾನೆಂಬುದು ಗೊತ್ತೇ ಇದೆ. ಏನಾಗುತ್ತದೆ ಎಂದು ತಿಳಿಯಲು ಯಾರೂ ಚಳಿಯಲ್ಲಿ ಕಂಬಳಿ ಹೊದ್ದು ಕೂರುವುದಿಲ್ಲ. ಅಲ್ಲಿ ಇರುವುದಕ್ಕಾಗಿ ಕೂರುತ್ತಾರೆ.

ಸಿದ್ದಾಪುರ ತಾಲ್ಲೂಕಿನ ಅಂಚಿನಲ್ಲಿ, ಮಾವಿನಗುಂಡಿಯಿಂದ ಗೇರುಸೊಪ್ಪೆಯ ಕಡೆ ಘಟ್ಟ ಇಳಿಯುವ ಹೆದ್ದಾರಿಯ ಆಸುಪಾಸಿನಲ್ಲಿ ಕತ್ತಲೆಕಾನು ಇದೆ. ಹೆಸರೇ ಎಲ್ಲವನ್ನೂ ಹೇಳುತ್ತದೆ. ಹೊರಗೆ ಮಧ್ಯಾಹ್ನದ ಬಿಸಿಲಿದ್ದರೂ ಒಳಗೆ ಮುಸ್ಸಂಜೆ. ಕೆಳಗೆ ರಾಮಪತ್ರೆ ಜಡ್ಡಿ, ಅಂದರೆ ಬೇಸಿಗೆಯಲ್ಲೂ ಆರದ ಜೌಗು. ಆ ಕೆಸರಿನಿಂದ ಬೇರುಗಳು ಮೇಲೆದ್ದು, ಮೊಣಕಾಲು ಮಡಚಿದಂತೆ ಬಾಗಿ, ಮತ್ತೆ ಕೆಸರಿಗೇ ಇಳಿಯುತ್ತವೆ. ನೂರಾರು ಜನ ನೆಲದೊಳಗೆ ಹೂತು ಮೊಣಕಾಲು ಮಾತ್ರ ಹೊರಗಿಟ್ಟಂತೆ! ಮೊದಲ ಸಲ ನೋಡಿದವರು ಒಂದು ಕ್ಷಣ ನಿಂತೇ ನಿಲ್ಲುತ್ತಾರೆ. ವಿಜ್ಞಾನದ ಮಾಸ್ತರನಾಗಿ ಕಾರಣ ಹೇಳಬೇಕಲ್ಲ: ಆಮ್ಲಜನಕ ಗಾಳಿಯಲ್ಲಿ ಹರಡುವುದಕ್ಕಿಂತ ನಿಂತ ನೀರಿನಲ್ಲಿ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಹರಡುತ್ತದೆ. ಕೆಸರಿನೊಳಗೆ ಬೇರಿಗೆ ಉಸಿರು ಕಟ್ಟುತ್ತದೆ. ಹಾಗಾಗಿ ಅದು ಉಸಿರಾಡಲು ಮೇಲೆ ಬಂದು ಹೋಗುತ್ತದೆ. ಈ ಕಾನಿನಿಂದ 2000ದಲ್ಲಿ ಗೇರುಬೀಜದ ಬಳಗದ ಹೊಸ ಜಾತಿಯ ಮರವೊಂದನ್ನು ವಿಜ್ಞಾನಿಗಳು ಗುರುತಿಸಿ ‘ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್’ ಎಂದು ಹೆಸರಿಟ್ಟರು. ಲ್ಯಾಟಿನ್ ಹೆಸರಿನೊಳಗೆ ನಮ್ಮ ಕತ್ತಲೆ ಸೇರಿಕೊಂಡಿತು.

ಇಲ್ಲಿ ಸಿಂಗಳೀಕಗಳೂ ಇವೆ. ಕಂಡೇ ಕಾಣುತ್ತವೆಂಬ ಭರವಸೆಯನ್ನು ಯಾರೂ ಕೊಡಲಾರರು. ಹುಡುಗ ತೋರಿಸಿದ ಆಟದಲ್ಲಿ ಒಂದು ಮನೆಯ ದೀಪ ಆರಿಸಿದರೆ 64ರಲ್ಲಿ ಒಂದು ಸಲ ಮಾತ್ರ ವಿಚಿತ್ರ ಮುಖವೊಂದು ಎದುರಾಗುತ್ತದಂತೆ. “ಹಾಗಾದರೆ 64 ಸಲ ಆರಿಸಿದರೆ ಖಂಡಿತ ಬರುತ್ತದಲ್ಲವಾ?” ಎಂದು ಕೆಣಕಿದೆ. ಸ್ವಲ್ಪ ಹೊತ್ತು ಲೆಕ್ಕ ಹಾಕಿ “ಇಲ್ಲ ಸರ್, ಮೂರರಲ್ಲಿ ಎರಡು ಪಾಲು ಬರಬಹುದು, ಅಷ್ಟೇ” ಎಂದ. ಸಂಭವನೀಯತೆಯ ಪಾಠ ಮಾಡುವವರು ಈ ಉದಾಹರಣೆಯನ್ನು ಬಳಸಿಕೊಳ್ಳಬಹುದು.

ಕನಸಿನ ವಿಜ್ಞಾನವೂ ಇಲ್ಲಿ ಪ್ರಸ್ತುತ. 1953ರಲ್ಲಿ ಷಿಕಾಗೊದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್, ನಿದ್ದೆಯಲ್ಲಿ ಕಣ್ಣುಗುಡ್ಡೆಗಳು ಸರಸರನೆ ಓಡಾಡುವ ಹಂತವೊಂದಿದೆ, ಆಗ ಎಬ್ಬಿಸಿದರೆ ಜನ ಕನಸು ಹೇಳುತ್ತಾರೆ ಎಂದು ತೋರಿಸಿದರು. ಆ ಹಂತದಲ್ಲಿ ಕೈಕಾಲಿನ ಸ್ನಾಯುಗಳು ಬಿಗಿ ಕಳೆದುಕೊಂಡಿರುತ್ತವೆ. ತರ್ಕ ಮಾಡುವ ಮುಂಭಾಗದ ಮಿದುಳು ಮಂಕಾಗಿರುತ್ತದೆ. ತೀರಿಹೋದ ಅಜ್ಜ ಅಡಿಕೆ ಸುಲಿಯುತ್ತಾ ಕೂತಿದ್ದರೂ ನಾವು ಪ್ರಶ್ನಿಸುವುದಿಲ್ಲ. ಇನ್ನು ದಾರಿಯ ವಿಷಯ. 1971ರಲ್ಲಿ ಜಾನ್ ಓಕೀಫ್ ಇಲಿಯ ಮಿದುಳಿನ ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿ ಜಾಗ ಗುರುತಿಸುವ ಕೋಶಗಳನ್ನು ಪತ್ತೆಹಚ್ಚಿದರು: ಇಲಿ ಒಂದು ಮೂಲೆಗೆ ಬಂದರೆ ಒಂದು ಕೋಶ, ಇನ್ನೊಂದು ಮೂಲೆಗೆ ಬಂದರೆ ಇನ್ನೊಂದು. 2014ರಲ್ಲಿ ಅವರಿಗೆ ಮೋಸರ್ ದಂಪತಿಯೊಂದಿಗೆ ನೊಬೆಲ್ ಬಂತು. 2001ರಲ್ಲಿ ಅಮೆರಿಕದ ಕೆನ್‌ವೇ ಲೂಯಿ ಮತ್ತು ಮ್ಯಾಥ್ಯೂ ವಿಲ್ಸನ್ ಇನ್ನೂ ಸ್ವಾರಸ್ಯದ ಸಂಗತಿ ಕಂಡರು. ಎಚ್ಚರವಿದ್ದಾಗ ಇಲಿ ಓಡಿದ ದಾರಿಯ ಕೋಶಗಳು ಆಮೇಲಿನ ನಿದ್ದೆಯಲ್ಲಿ ಅದೇ ಕ್ರಮದಲ್ಲಿ ಮತ್ತೆ ಮಿಡಿಯುತ್ತಿದ್ದವು. ಇಲಿ ನಿದ್ದೆಯಲ್ಲಿ ಮತ್ತೊಮ್ಮೆ ತಿರುಗಾಡಿ ಬರುತ್ತಿತ್ತು ಎನ್ನೋಣ.

ತಿರುಗಾಟವೆಂದರೆ ಮಿದುಳಿಗೆ ಅನ್ನವಿದ್ದಂತೆ. 2015ರಲ್ಲಿ ಪ್ರಕಟವಾದ ಕ್ಲೆಮೆನ್‌ಸನ್ ಮತ್ತು ಸ್ಟಾರ್ಕ್ ಅವರ ಅಧ್ಯಯನದಲ್ಲಿ, ಸುತ್ತಿ ನೋಡಲು ಅವಕಾಶವಿರುವ ಮೂರು ಆಯಾಮದ ಆಟವನ್ನು ದಿನಕ್ಕೆ ಅರ್ಧ ಗಂಟೆಯಂತೆ ಎರಡು ವಾರ ಆಡಿದ ಕಾಲೇಜು ವಿದ್ಯಾರ್ಥಿಗಳು ಹಿಪೊಕ್ಯಾಂಪಸ್ಸಿಗೆ ಸಂಬಂಧಿಸಿದ ನೆನಪಿನ ಪರೀಕ್ಷೆಯಲ್ಲಿ ಮುಂದೆ ಬಂದರು. ಹಕ್ಕಿ ಎಸೆಯುವ ‘ಆಂಗ್ರಿ ಬರ್ಡ್ಸ್’ ಆಡಿದವರಲ್ಲಿ ಆ ಬದಲಾವಣೆ ಕಾಣಲಿಲ್ಲ. ಇದನ್ನು ಹಿಡಿದುಕೊಂಡು ಮಕ್ಕಳು ಮನೆಯಲ್ಲಿ ವಾದಕ್ಕೆ ನಿಲ್ಲಬಾರದು. ಅರ್ಧ ಗಂಟೆ ಎಂಬ ಮಾತನ್ನೂ ಅವರು ಓದಿಕೊಳ್ಳಲಿ.

ನನ್ನನ್ನು ಕೊರೆಯುವ ವಿಷಯ ಬೇರೆ. ನಾನು ಹೈಸ್ಕೂಲಿಗೆ ದಿನಾ ನಾಲ್ಕು ಕಿ.ಮೀ. ನಡೆದು ಹೋದವನು. ತೋಟದ ದಣಪೆ ದಾಟಿ, ಹಳ್ಳದ ಸಂಕ ದಾಟಿ, ಸೊಪ್ಪಿನ ಬೆಟ್ಟದ ದರಕು ತುಳಿದು ಹೋಗಬೇಕಿತ್ತು. ಬರುವಾಗ ಎಂದೂ ಹೋದ ದಾರಿಯಲ್ಲಿ ಬರುತ್ತಿರಲಿಲ್ಲ. ಮುಳ್ಳುಹಣ್ಣು, ಕೌಳಿಹಣ್ಣು, ಯಾರದೋ ಗೇರುಮರ. ಮಳೆಗಾಲದ ರಾತ್ರಿ ಕೊಳೆತ ಕಟ್ಟಿಗೆಯ ಮೇಲೆ ಅಣಬೆಯ ಹಸಿರು ಬೆಳಕು ಕಂಡು ಓಡಿದ್ದೂ ಉಂಟು. ಅದು ಲೂಸಿಫೆರಿನ್ ಎಂಬ ರಾಸಾಯನಿಕದ ಕೆಲಸ ಎಂದು ತಿಳಿದದ್ದು ಬಿಎಸ್ಸಿ ಓದುವಾಗ. ಇಂದಿನ ಮಕ್ಕಳು ಅಂಗಳದಲ್ಲೇ ವ್ಯಾನ್ ಹತ್ತಿ ಶಾಲೆಯ ಗೇಟಿನಲ್ಲೇ ಇಳಿಯುತ್ತಾರೆ. ಊರಿನಲ್ಲಿ ಜೊತೆಗೆ ತಿರುಗಲು ಇನ್ನೊಂದು ಮಗುವೂ ಇಲ್ಲ. ಕೆಲವು ಮನೆಗಳಲ್ಲಿ ಉಳಿದಿರುವುದು ಅಜ್ಜ–ಅಜ್ಜಿ ಮಾತ್ರ. ಆ ಹುಡುಗನ ಮನೆಯ ಹಿಂದೆಯೇ ಕಾನು ಇದೆ. ಒಳಗೆ ಹೋಗಿದ್ದೀಯಾ ಎಂದರೆ, “ಉಂಬಳ, ಹಾವು ಅಂತ ಆಯಿ ಬಿಡೋದಿಲ್ಲ” ಎಂದ. ಗೊತ್ತುಗುರಿಯಿಲ್ಲದೆ ಅಲೆಯುವ ಆಸೆ ಹದಿನೈದರ ವಯಸ್ಸಿಗೆ ಸಹಜ. ಬೆಟ್ಟದಲ್ಲಿ ಜಾಗ ಸಿಗದಿದ್ದರೆ ಅದು ಪರದೆಯ ಮೇಲೆ ಜಾಗ ಹುಡುಕಿಕೊಳ್ಳುತ್ತದೆ. ತಂದೆಯವರಿಗೆ ನಾನು ಇಷ್ಟನ್ನೇ ಹೇಳಿದೆ. ಅವನ ತಲೆ ಸರಿಯಾಗಿಯೇ ಇದೆ ಎಂದೂ ಹೇಳಿದೆ.

ಎಚ್ಚರಿಕೆಯ ಮಾತೂ ಇದೆ. ‘ಯುಮೆ ನಿಕ್ಕಿ’ಯ ಮುಕ್ತಾಯ ಬಹಳ ದುಃಖದ್ದು; ನಡುವೆ ಬೆದರಿಸುವ ದೃಶ್ಯಗಳಿವೆ. ಸಣ್ಣ ಮಕ್ಕಳಿಗೆ ಅದು ಬೇಡ. ದೊಡ್ಡ ಮಕ್ಕಳಾದರೆ ಪಾಲಕರು ಒಮ್ಮೆ ಪಕ್ಕದಲ್ಲಿ ಕೂತು ನೋಡಲಿ, ಏನು ಕಂಡೆ ಎಂದು ಕೇಳಲಿ. ಮಗು ಆಟದ ಹುಡುಗಿಯಂತೆ ತಾನೂ ಕೋಣೆ ಬಿಟ್ಟು ಬರದಿದ್ದರೆ, ಊಟ–ನಿದ್ದೆ ಕೆಟ್ಟಿದ್ದರೆ, ಮಾತು ನಿಂತಿದ್ದರೆ ಕಂಪ್ಯೂಟರಿನ ವೈರು ಕಿತ್ತು ಸುಮ್ಮನಾಗಬಾರದು. ವೈದ್ಯರ ಹತ್ತಿರ ಕರೆದುಕೊಂಡು ಹೋಗಬೇಕು.

ಕಳೆದ ಫೆಬ್ರವರಿಯಲ್ಲಿ ತರಗತಿಯನ್ನು ಸಹಸ್ರಲಿಂಗಕ್ಕೆ ಕರೆದೊಯ್ದಾಗ ನಾನು ಇತಿಹಾಸ ಹೇಳಲಿಲ್ಲ. ಕಾಣುವಷ್ಟು ದೂರದಲ್ಲಿ ಒಂದು ಗಂಟೆ ಸುಮ್ಮನೆ ತಿರುಗಿ, ಆಮೇಲೆ ನಕ್ಷೆ ಬರೆಯಿರಿ ಎಂದೆ. ಹೆಚ್ಚಿನವರು ಲಿಂಗ, ನಂದಿ, ಬಂಡೆ ಬರೆದರು. ಒಬ್ಬಳು ತಾನು ಜಾರಿ ಬಿದ್ದ ಜಾಗಕ್ಕೆ ಕೆಂಪು ಗುರುತು ಹಾಕಿದ್ದಳು. ನಮ್ಮ ಹುಡುಗನ ಹಾಳೆಯಲ್ಲಿ ಒಂದೂ ಲಿಂಗವಿಲ್ಲ. ನೀರು ಎಲ್ಲಿ ಗುಳುಗುಳು, ಎಲ್ಲಿ ಸಪ್ಪಳವೇ ಇಲ್ಲ, ಯಾವ ಬಂಡೆಯ ಹಿಂದೆ ನಿಂತರೆ ನಮ್ಮೆಲ್ಲರ ಮಾತು ಕೇಳಿಸುವುದಿಲ್ಲ ಎಂದು ಬರೆದಿದ್ದ. ಆ ಬಂಡೆಯ ಹಿಂದೆ ಹೋಗಿ ನಿಂತೆ. ಅವನು ಬರೆದದ್ದು ನಿಜ.

ಹೀಗೆ ತಿರುಗಲು ನಮ್ಮಲ್ಲಿ ಜಾಗಕ್ಕೆ ಬರವಿಲ್ಲ. ಹೆಗ್ಗರಣೆಯ ಮೇಲಿಂದ ಹೋದರೆ ಅಘನಾಶಿನಿ 116 ಮೀಟರ್ ಧುಮುಕುವ ಉಂಚಳ್ಳಿ ಜಲಪಾತ. ಮಳೆಗಾಲದಲ್ಲಿ ಎಷ್ಟೋ ಸಲ ಮಂಜು ಕವಿದು ಏನೂ ಕಾಣುವುದಿಲ್ಲ, ಬರೀ ಅಬ್ಬರ ಕೇಳುತ್ತದೆ. ಅದಕ್ಕೇ ‘ಕೆಪ್ಪ ಜೋಗ’ ಎಂಬ ಹೆಸರು. ಯಲ್ಲಾಪುರದ ಮಾಗೋಡಿನಲ್ಲಿ ಬೇಡ್ತಿ ಎರಡು ಹಂತವಾಗಿ ಬೀಳುತ್ತದೆ. ಸಂಜೆಗೆ ಜೇನುಕಲ್ಲು ಗುಡ್ಡ ಹತ್ತಿದರೆ ಅದೇ ಹೊಳೆ ಕಣಿವೆಯ ತಳದಲ್ಲಿ ನೂಲಿನಂತೆ ಕಾಣುತ್ತದೆ. ಯಾಣ ಕುಮಟಾ ತಾಲ್ಲೂಕಿಗೆ ಸೇರಿದ್ದಾದರೂ ಶಿರಸಿಯಿಂದ ಹೋಗುವವರೇ ಬಹಳ. ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ ಎಂಬ ಗಾದೆ ರಸ್ತೆಯಾದ ಮೇಲೆ ಹಳತಾಯಿತು. ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್. ಕರಿ ಸುಣ್ಣದಕಲ್ಲನ್ನು ಮಳೆನೀರು ಕೊರೆದು ಕೊರೆದು ಉಳಿಸಿದ ಮೊನೆಗಳು. ಮಳೆಹನಿ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಸೌಮ್ಯ ಆಮ್ಲವಾಗುತ್ತದೆ, ಸೋಡಾ ಬಾಟಲಿಯಲ್ಲಿರುವುದೂ ಅದೇ.

ಸಹಸ್ರಲಿಂಗಕ್ಕೆ ಡಿಸೆಂಬರಿನಿಂದ ಮಾರ್ಚಿಯವರೆಗೆ ಸರಿಯಾದ ಕಾಲ. ಪಾಚಿ ಕಟ್ಟಿದ ಬಂಡೆ ಜಾರುತ್ತದೆ, ಮಕ್ಕಳನ್ನು ಆಳದ ಕಡೆ ಬಿಡಬೇಡಿ. ಕತ್ತಲೆಕಾನಿಗೆ ಅರಣ್ಯ ಇಲಾಖೆಯ ಅನುಮತಿ ಕೇಳಿಯೇ ಹೋಗಬೇಕು, ಜೌಗಿನ ಬೇರುಗಳನ್ನು ತುಳಿಯಬಾರದು. ಉಂಬಳಕ್ಕೆ ಹೊಗೆಸೊಪ್ಪು–ಸುಣ್ಣ ಸಾಕು.