ಅವ್ವನ ಹಸಿರು ಇಳಕಲ್ ಸೀರೆ

ಕಳೆದ ಡಿಸೆಂಬರಿನ ಮೊದಲ ವಾರ. ಕ್ರಿಸ್ಮಸ್ ಹಬ್ಬಕ್ಕೆ ಇನ್ನೂ ಮೂರು ವಾರಗಳಿರುವಾಗಲೇ ನನ್ನ ಸೊಸೆ ಬೀರುವಿನ ಎರಡೂ ಬಾಗಿಲುಗಳನ್ನು ತೆರೆದು ನಿಂತು, "ಅತ್ತೀ, ಉಡಾಕ ಒಂದೂ ಇಲ್ಲ" ಎಂದಳು. ಹಾಗೆನ್ನುತ್ತಿರುವಾಗಲೇ ಮೇಲಿನ ಅರೆಯಿಂದ ಎರಡು ಸೀರೆಗಳು ಜಾರಿ ಅವಳ ಕಾಲ ಬಳಿ ಬಿದ್ದವು. ನನಗೆ ನಗು ಬಂತು, ಅವಳೂ ನಕ್ಕಳು. ಆದರೆ ನಗುವಿನ ಹಿಂದೆ ಚಿಂತೆಯೂ ಇತ್ತು. ಮಗನಿಗೆ ಎರಡು ತಿಂಗಳಿನಿಂದ ಸಂಬಳವಾಗಿರಲಿಲ್ಲ. ಮೊಮ್ಮಗಳ ಶಾಲೆಯ ಶುಲ್ಕ ಕಟ್ಟಿದ ಮೇಲೆ ಹೊಸ ಬಟ್ಟೆಯ ಮಾತು ಎತ್ತುವಂತಿರಲಿಲ್ಲ. "ಇದ್ದುದರಲ್ಲೇ ಹಬ್ಬಕ್ಕೆ ತಕ್ಕಂತೆ ಹೊಂದಿಸೋಣ ಬಾ" ಎಂದು ಅವಳನ್ನು ಕೂರಿಸಿಕೊಂಡೆ. ಆ ವಿದ್ಯೆ ನನಗೆ ಬಂದದ್ದು ನನ್ನ ಅವ್ವನಿಂದ. ಅವಳಿಗೆ ನಾನು ಮಾಡಿದ ಒಂದು ಅನ್ಯಾಯವೂ ಆ ವಿದ್ಯೆಯ ಜೊತೆಗೇ ನನ್ನ ನೆನಪಿನಲ್ಲಿ ಉಳಿದಿದೆ.

ನಾವು ಕಂಪ್ಲಿಯವರು. ಅಪ್ಪ ಕಬ್ಬಿನ ಗದ್ದೆಗಳಲ್ಲಿ ಕೂಲಿ ಮಾಡುತ್ತಿದ್ದರು; ಅವ್ವ ಭತ್ತದ ನಾಟಿಗೆ, ಕಳೆಗೆ ಹೋಗುತ್ತಿದ್ದಳು. ಅವಳಿಗಿದ್ದದ್ದು ನಾಲ್ಕು ಸೀರೆ. ಎರಡು ಕೆಲಸಕ್ಕೆ, ಒಂದು ಸಂತೆಗೆ, ಒಂದು ಭಾನುವಾರದ ಪೂಜೆಗೆ. ಪೂಜೆಯ ಸೀರೆಯೇ ಈ ಹಸಿರು ಇಳಕಲ್. ಮೈ ಹತ್ತಿಯದು, ಸೆರಗು ಕೆಂಪು; ಸೆರಗಿನಲ್ಲಿ ಬಿಳಿಯ ತೆನೆಗಳು. ಇಳಕಲ್ಲಿನ ನೇಕಾರರು ಮೈಯ ಹಾಸನ್ನೂ ಸೆರಗಿನ ಹಾಸನ್ನೂ ಬೇರೆ ಬೇರೆಯಾಗಿ ಸಿದ್ಧಪಡಿಸಿ, ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಬೆಲೆಬಾಳುವ ನೂಲು ಸೆರಗಿಗೆ ಮಾತ್ರ. ದಿನವೂ ಸವೆಯುವ ಮೈಗೆ ಗಟ್ಟಿ ಹತ್ತಿ. ನನಗೆ ತಿಳಿದಂತೆ ದುಡಿಯುವ ಹೆಂಗಸಿನ ಮೈಯನ್ನೂ ಮರ್ಯಾದೆಯನ್ನೂ ಒಟ್ಟಿಗೆ ನೆನಪಿನಲ್ಲಿಟ್ಟುಕೊಂಡು ನೇಯ್ದ ಸೀರೆ ಇದರಂಥದು ಮತ್ತೊಂದಿಲ್ಲ. ಮೇಲೆ ಗುಳೇದಗುಡ್ಡದ ಖಣದ ಕುಪ್ಪಸ ತೊಟ್ಟರೆ ಆಯಿತು; ಸೀರೆಯ ಬಣ್ಣಕ್ಕೂ ಖಣದ ಬಣ್ಣಕ್ಕೂ ಜಗಳವಾದದ್ದನ್ನು ನಾನು ಕಂಡಿಲ್ಲ.

ಶನಿವಾರ ಸಂಜೆ ಅವ್ವ ನಮ್ಮೆಲ್ಲರ ಬಟ್ಟೆಗಳನ್ನು ತುಂಗಭದ್ರೆಗೆ ಒಯ್ದು ಒಗೆದು ತರುತ್ತಿದ್ದಳು. ಬಿಳಿಯವಕ್ಕೆ ಒಂದು ಚಿಟಿಕೆ ನೀಲಿ, ಹತ್ತಿಯವಕ್ಕೆ ತೆಳುವಾದ ಅನ್ನದ ಗಂಜಿ. ಇಸ್ತ್ರಿಪೆಟ್ಟಿಗೆ ನಮ್ಮಲ್ಲಿ ಇರಲಿಲ್ಲ. ಹಿತ್ತಾಳೆಯ ತಂಬಿಗೆಗೆ ಕೆಂಡ ತುಂಬಿ, ಅದರ ಕಂಠವನ್ನು ಬಟ್ಟೆಯಿಂದ ಹಿಡಿದು ಮಡಿಕೆಗಳ ಮೇಲೆ ಎಳೆಯುತ್ತಿದ್ದಳು. ಉಳಿದ ಕೆಲಸವನ್ನು ರಾತ್ರಿಯಿಡೀ ನಮ್ಮ ಹಾಸಿಗೆಯ ಭಾರ ಮಾಡುತ್ತಿತ್ತು. ಅಪ್ಪನ ಒಂದೇ ಬಿಳಿಯ ಅಂಗಿಯ ಕಾಲರು ಸವೆದು ಎಳೆ ಬಿಟ್ಟಾಗ ದರ್ಜಿ ಅದನ್ನು ಬಿಚ್ಚಿ, ಒಳಮೈ ಹೊರಗೆ ಬರುವಂತೆ ತಿರುಗಿಸಿ ಹೊಲಿದುಕೊಟ್ಟ. ಹತ್ತಿರ ನಿಂತು ನೋಡಿದರೂ ಅದು ಹೊಸ ಅಂಗಿಯೇ. ಇಂದು ಈ ಕೆಲಸ ಮಾಡಿಕೊಡಿ ಎಂದರೆ ಹೊಸಪೇಟೆಯ ಹುಡುಗ ದರ್ಜಿಗಳು ನನ್ನ ಮುಖ ನೋಡುತ್ತಾರೆ.

ಧರ್ಮೋಪದೇಶದ ತರಗತಿಯಲ್ಲಿ ಒಮ್ಮೆ ಮತ್ತಾಯನ ಶುಭಸಂದೇಶದ 22ನೆಯ ಅಧ್ಯಾಯದ ಸಾಮತಿಯನ್ನು ಕೇಳಿ ನನಗೆ ಜ್ವರ ಬರುವಷ್ಟು ಭಯವಾಗಿತ್ತು. ಅರಸನ ಮಗನ ಮದುವೆಯ ಔತಣಕ್ಕೆ ತಕ್ಕ ಉಡುಪಿಲ್ಲದೆ ಬಂದವನನ್ನು ಕೈಕಾಲು ಕಟ್ಟಿ ಹೊರಗೆ ಕತ್ತಲೆಗೆ ಎಸೆದರಂತೆ! ನನ್ನ ಲಂಗದ ಅಂಚಿಗೆ ಬೇರೆ ಬಟ್ಟೆಯ ಪಟ್ಟಿ ಇತ್ತು. ಮನೆಗೆ ಬಂದು ಅವ್ವನನ್ನು ಕೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಅವನತ್ರ ಇತ್ತೇನೋ, ಹಾಕ್ಕೊಂಡು ಬರ್ಲಿಲ್ಲ. ನಮ್ಮತ್ರ ಇದ್ದುದ್ನ ನಾವು ತೊಳದು ಹಾಕ್ಕೊಂಡೀವಿ. ಏಳು, ನೀರು ತುಂಬು" ಎಂದಳು. ಆಮೇಲೆ ಎಷ್ಟೋ ವ್ಯಾಖ್ಯಾನಗಳನ್ನು ಓದಿದ್ದೇನೆ; ಅಂದು ನನ್ನ ಭಯ ಬಿಡಿಸಿದ್ದು ಆ ಮಾತು.

1979ರಲ್ಲಿ ನನ್ನನ್ನು ಹೊಸಪೇಟೆಯ ಒಂದು ಶಾಲೆಗೆ ಸೇರಿಸಿ ವಸತಿನಿಲಯದಲ್ಲಿ ಬಿಟ್ಟರು. ವಾರ್ಷಿಕೋತ್ಸವದ ದಿನ ಅವ್ವ ಕಂಪ್ಲಿಯಿಂದ ಬಸ್ಸು ಹಿಡಿದು ಬಂದಳು. ಅದೇ ಹಸಿರು ಸೀರೆ. ಅದು ಒಂದೆಡೆ ಅಂಗೈ ಅಗಲ ಹರಿದಿತ್ತು. ಅವ್ವ ಸೀರೆಯ ಒಳಅಂಚಿನಿಂದಲೇ ನೂಲೆಳೆದು ರಫೂ ಮಾಡಿ, ಆ ಭಾಗ ನಿರಿಗೆಯೊಳಗೆ ಅಡಗುವಂತೆ ಉಡುತ್ತಿದ್ದಳು. ಆ ದಿನ ಬಸ್ಸಿನ ನೂಕುನುಗ್ಗಲಿನಲ್ಲಿ ನಿರಿಗೆ ಜರುಗಿ, ಹೊಲಿಗೆ ಎದುರಿಗೇ ಬಂದುಬಿಟ್ಟಿತ್ತು. ನನ್ನ ಪಕ್ಕದಲ್ಲಿದ್ದ ಹುಡುಗಿ, "ಯಾರು? ನಿಮ್ಮ ಮನೆ ಕೆಲಸದವಳಾ?" ಎಂದು ಕೇಳಿದಳು. ನಾನು, "ನಮ್ಮೂರಿನವರು" ಎಂದೆ. ಅವ್ವ ಎರಡು ಮಾರು ದೂರದಲ್ಲಿದ್ದಳು. ಅವಳಿಗೆ ಕೇಳಿಸಿತು. ಹತ್ತಿರ ಬಂದು ಆ ಹುಡುಗಿಯ ಗಲ್ಲ ಸವರಿ, "ಹೌದವ್ವಾ, ನಾನು ಕಂಪ್ಲಿಯಾಕಿ" ಎಂದು ನನ್ನ ಕೈಗೆ ಚಕ್ಕುಲಿಯ ಡಬ್ಬಿ ಕೊಟ್ಟು, ಸಂಜೆಯ ಬಸ್ಸಿಗೆ ಹೊರಟುಹೋದಳು. ಆ ದಿನ ಯಾವ ಕೋಳಿಯೂ ಕೂಗಲಿಲ್ಲ. 2004ರಲ್ಲಿ ತೀರಿಕೊಳ್ಳುವವರೆಗೂ ಅವಳು ಈ ಮಾತನ್ನು ಎತ್ತಲಿಲ್ಲ. ನಾನೂ ಎತ್ತಲಿಲ್ಲ, ಧೈರ್ಯ ಸಾಲಲಿಲ್ಲ.

ಮುಂದೆ ನಾನು ಶಿಕ್ಷಕಿಯಾದೆ. ಮಕ್ಕಳನ್ನು ಹಂಪಿಗೆ ಕರೆದೊಯ್ದಾಗಲೆಲ್ಲ ಶಿಲ್ಪಗಳ ಉಡುಪನ್ನು ತೋರಿಸುವುದು ನನ್ನ ಚಟ. ಆಸ್ಥಾನದ ಗಂಡಸರು ಕಬಾಯಿ ಎಂಬ ನಿಲುವಂಗಿ ತೊಟ್ಟು, ಕುಲ್ಲಾಯಿ ಎಂಬ ಎತ್ತರದ ಟೋಪಿ ಇಡುತ್ತಿದ್ದರು. ನಮ್ಮ ಮನೆಗಳಲ್ಲಿ ಕೂಸಿಗೆ ಕಟ್ಟುವ ಕುಲಾವಿಯ ಹೆಸರು ಕೇಳಿದರೆ ಮಕ್ಕಳಿಗೆ ಅದು ತಟ್ಟನೆ ಹೊಳೆಯುತ್ತದೆ. 1520ರ ಸುಮಾರಿಗೆ ಇಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಚಿನ್ನದ ಗುಲಾಬಿಗಳ ಕಸೂತಿಯಿದ್ದ ಬಿಳಿಯ ಬಟ್ಟೆ ತೊಟ್ಟು ಬರಿಗಾಲಿನಲ್ಲಿದ್ದ ಕೃಷ್ಣದೇವರಾಯನನ್ನು ಕಂಡು ಬರೆದಿಟ್ಟಿದ್ದಾನೆ. ಮುಂದೆ ಅಚ್ಯುತರಾಯನ ಕಾಲದಲ್ಲಿದ್ದ ನ್ಯೂನಿಜ್, ಅರಸನು ಒಮ್ಮೆ ತೊಟ್ಟ ಬಟ್ಟೆಯನ್ನು ಮತ್ತೊಮ್ಮೆ ತೊಡುವುದಿಲ್ಲ ಎಂದೂ ಬರೆದ. ಇದನ್ನು ಓದಿದ ದಿನ ನನಗೆ ನೆನಪಾದದ್ದು ತಿರುಗಿಸಿ ಹೊಲಿದ ಅಪ್ಪನ ಕಾಲರು. ಕಬಾಯಿಗಳೆಲ್ಲ ಮಣ್ಣಾದವು, ಬಟ್ಟೆಯನ್ನು ಮತ್ತೆ ಮತ್ತೆ ಉಡುವ ಜನ ಕಮಲಾಪುರದ ಸಂತೆಯಲ್ಲಿ ಇಂದಿಗೂ ಇದ್ದಾರೆ.

ನಮ್ಮ ಊರುಗಳಲ್ಲಿ ಬಟ್ಟೆಯ ಪಾಡು ಬೇರೆಯೇ ಒಂದು ಬಗೆಯದೂ ಆಗಿತ್ತು. 2000ದ ದಶಕದಲ್ಲಿ ಸಂಡೂರಿನಿಂದ ಹೊಸಪೇಟೆಯ ಮೇಲೆ ಹಗಲಿರುಳು ಅದಿರು ಲಾರಿಗಳು ಹರಿಯುತ್ತಿದ್ದಾಗ, ಬಿಳಿಯೆಂಬ ಬಣ್ಣವೇ ನಮಗೆ ಮರೆತುಹೋಗಿತ್ತು. ಒಣಹಾಕಿದ ಬಿಳಿಯ ಅಂಗಿ ಸಂಜೆಗೆ ಇಟ್ಟಿಗೆಯ ಬಣ್ಣ. ಪ್ರಥಮ ಪರಮಪ್ರಸಾದಕ್ಕೆ ಹೊಲಿಸಿದ ಮಕ್ಕಳ ಬಿಳಿಯ ಉಡುಪನ್ನು ಚರ್ಚಿನ ಬಾಗಿಲವರೆಗೂ ಪ್ಲಾಸ್ಟಿಕ್ ಚೀಲದಲ್ಲಿ ಒಯ್ಯುತ್ತಿದ್ದೆವು. ಆಗ ನಾನು ಕಂದು, ಕಾವಿ, ಕುಂಕುಮ ಬಣ್ಣದ ಸೀರೆಗಳನ್ನೇ ಕೊಂಡೆ. ಧೂಳು ಕೂತರೂ ಕಾಣದಿರಲಿ ಎಂದು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಮುಂದೆ ಅದು ನಿಯಮಗಳೊಡನೆ ಮತ್ತೆ ಆರಂಭವಾದರೂ, ಆ ಮೊದಲ ತಿಂಗಳುಗಳಲ್ಲಿ ಹಗ್ಗದ ಮೇಲೆ ಬಿಳಿಯ ಪಂಚೆ ಬಿಳಿಯಾಗಿಯೇ ಒಣಗಿದ್ದನ್ನು ನೆರೆಹೊರೆಯವರು ಒಬ್ಬರಿಗೊಬ್ಬರು ತೋರಿಸಿಕೊಂಡದ್ದು ನನಗೆ ಚೆನ್ನಾಗಿ ನೆನಪಿದೆ. ಗಣಿಯ ಕೂಲಿ ನಿಂತು ಊರು ಬಿಟ್ಟ ಮನೆಗಳೂ ನೆನಪಿವೆ.

ಅದೇ ಕೆಂಪು ಗುಡ್ಡಗಳ ನಡುವಿನ ತಾಂಡಾಗಳ ಲಂಬಾಣಿ ಹೆಂಗಸರಿಂದ ನಾನು ಇನ್ನೊಂದು ಪಾಠ ಕಲಿತೆ. ಅವರ ಫೇಟಿಯಾ, ಕಾಂಚಳಿಗಳಲ್ಲಿ ಚಿಕ್ಕ ತುಂಡು ಬಟ್ಟೆಯೂ ವ್ಯರ್ಥವಾಗುವುದಿಲ್ಲ. ಕನ್ನಡಿ, ಕವಡೆ, ನಾಣ್ಯ ಸೇರಿ ತೇಪೆಯೇ ಒಡವೆಯಾಗುತ್ತದೆ. ಅವ್ವ ತೇಪೆಯನ್ನು ನಿರಿಗೆಯೊಳಗೆ ಅಡಗಿಸಿದಳು. ಇವರು ಅದನ್ನು ಎದೆಯ ಮೇಲೆ ಧರಿಸುತ್ತಾರೆ. ಸಂಡೂರು ಕುಶಲ ಕಲಾ ಕೇಂದ್ರವು 1980ರ ದಶಕದಿಂದ ಈ ಕಸೂತಿಯನ್ನು ಅವರ ಜೀವನೋಪಾಯವನ್ನಾಗಿ ಮಾಡಿದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಕಾರ್ಯತಂಡದ ಸಭೆ ನಡೆದಾಗ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರ ಕೈಕೆಲಸದ 1,755 ವಸ್ತುಗಳನ್ನು ಪ್ರದರ್ಶಿಸಿ ಗಿನ್ನೆಸ್ ದಾಖಲೆ ಮಾಡಲಾಯಿತು.

ಸೊಸೆಯ ಬೀರುವಿಗೆ ಮರಳುತ್ತೇನೆ. ಎಲ್ಲವನ್ನೂ ಮಂಚದ ಮೇಲೆ ಹರಡಿದೆವು. ಅವಳು ಕಚೇರಿಗೆ ಉಡುವ ಬೂದುಬಣ್ಣದ ಸಾದಾ ಹತ್ತಿ ಸೀರೆಯನ್ನು ಎತ್ತಿಟ್ಟೆ. "ಇದಾ? ಇದು ದಿನಾ ಉಡೋದು" ಎಂದಳು. ದಿನವೂ ಉಟ್ಟದ್ದರಿಂದಲೇ ಅದು ಅವಳ ಮೈಗೆ ಚೆನ್ನಾಗಿ ಕೂರುತ್ತಿತ್ತು. ಗಂಜಿ ಹಾಕಿದೆವು. ಮಿನುಗುವ ರವಿಕೆಯನ್ನು ಬದಿಗಿಟ್ಟು, ಪೆಟ್ಟಿಗೆಯ ತಳದಲ್ಲಿದ್ದ ಕುಂಕುಮ ಬಣ್ಣದ ಖಣವನ್ನು ಭುಜದಲ್ಲಿ ಸರಿಯಾಗಿ ಕೂರುವಂತೆ ಹೊಲಿಸಿದೆವು. ಕೊರಳಿಗೆ ಒಂದೇ ಸರ. ಮಗನ ನೀಲಿ ಅಂಗಿಗೆ ಆರು ಹೊಸ ಗುಂಡಿ, ಚಪ್ಪಲಿಗೆ ಪಾಲಿಶ್; ಗಂಡಸರ ವಿಷಯದಲ್ಲಿ ಅಷ್ಟು ಸಾಕು.

ಉಳಿದವಳು ಮೊಮ್ಮಗಳು. ಬೆಳೆಯುವ ಮಗು; ಹಳೆಯ ಫ್ರಾಕು ಯಾವುದೂ ಆಗದು. ಎರಡು ದಿನ ಯೋಚಿಸಿ, ನಾನು ಟ್ರಂಕಿನಿಂದ ಅವ್ವನ ಸೀರೆಯನ್ನು ತೆಗೆದೆ. ಮೈ ಅಲ್ಲಲ್ಲಿ ಪಿಸಿದಿತ್ತು. ಗಟ್ಟಿಯಾಗಿ ಉಳಿದದ್ದು ಸೆರಗು, ಅಂಚು ಮತ್ತು ಸುಮಾರು ಎರಡು ಗಜ. ದರ್ಜಿ ರಫೂ ಮಾಡಿದ ಜಾಗವನ್ನು ಬೆರಳಿನಿಂದ ತೋರಿಸಿ, "ಟೀಚರ್, ಇದನ್ನ ಕತ್ತರಿಸಿ ತೆಗೆದುಬಿಡ್ಲೇನು?" ಎಂದ. ಬೇಡವೆಂದೆ. ಅದು ಎದುರಿಗೇ, ಲಂಗದ ಅಂಚಿನ ಮೇಲೆ ಬರುವಂತೆ ಹೊಲಿಯಲು ಹೇಳಿದೆ. ಅವನು ಎರಡು ಸಲ ಕೇಳಿ ಖಚಿತಪಡಿಸಿಕೊಂಡ.

ಕ್ರಿಸ್ಮಸ್ ರಾತ್ರಿಯ ಪೂಜೆ ಮುಗಿದು ಗೋದಲಿಯ ಮುಂದೆ ನಿಂತಿದ್ದಾಗ, ಪರಿಚಯದ ಹೆಣ್ಣುಮಗಳೊಬ್ಬರು ಮಗುವಿನ ಕೆಂಪು ಅಂಚನ್ನು ಮುಟ್ಟಿ, "ಎಷ್ಟು ಚೆಂದ ಐತ್ರೀ! ಬೆಂಗಳೂರಾಗ ತೊಗೊಂಡ್ರೇನು?" ಎಂದು ಕೇಳಿದರು. ಸೊಸೆ ನನ್ನತ್ತ ನೋಡಿದಳು.

"ಇಲ್ಲ. ನಮ್ಮವ್ವನ ಸೀರೆ" ಎಂದೆ. ಸ್ವಲ್ಪ ಜೋರಾಗಿಯೇ ಹೇಳಿದೆನೇನೋ, ಮುಂದಿದ್ದ ಇಬ್ಬರು ತಿರುಗಿ ನೋಡಿದರು. "ಕಂಪ್ಲಿಯಾಕಿ. ಕೂಲಿ ಮಾಡ್ತಿದ್ಲು. ಈ ಹೊಲಿಗೀನೂ ಆಕೀದೇ." ಮೊಮ್ಮಗಳು ಬಗ್ಗಿ, ತನ್ನ ಲಂಗದ ಅಂಚನ್ನು ಎರಡೂ ಕೈಗಳಿಂದ ಹಿಡಿದು, ಹೊಲಿಗೆಯನ್ನು ಅವರಿಗೆ ತೋರಿಸಿದಳು.