ಗರ್ಜನೆಯೂ ಗಾನವೂ

ಜಯನಗರದ ನಮ್ಮ ಮನೆಯ ಮಹಡಿಯ ಕೋಣೆಯಿಂದ ಕೇಳಿಬರುತ್ತಿದ್ದ ಹೆವಿ ಮೆಟಲ್ ಸಂಗೀತವನ್ನು ನಾನು ವರ್ಷಗಳ ಕಾಲ 'ಅರಚಾಟ' ಎಂದೇ ಕರೆದೆ. ಮಗ ಬಾಗಿಲು ಮುಚ್ಚಿಕೊಂಡು ಅದನ್ನು ಕೇಳುತ್ತಿದ್ದ. ಕೆಳಗೆ ನಾನು ರನ್ನನ 'ಗದಾಯುದ್ಧ'ದ ಪಾಠಕ್ಕೆ ಟಿಪ್ಪಣಿ ಮಾಡಿಕೊಳ್ಳುತ್ತಿದ್ದೆ.

"ಅಪ್ಪಾ, ಒಂದೇ ಒಂದು ಹಾಡನ್ನು ಪೂರ್ತಿ ಕೇಳಿ" ಎಂದು ಅವನು ಒಂದು ಸಂಜೆ ಪಟ್ಟುಹಿಡಿದ. ಫಿನ್ಲೆಂಡಿನಲ್ಲಿ 1999ರಲ್ಲಿ ಹುಟ್ಟಿದ ಬ್ಯಾಟಲ್‌ಲೋರ್ ತಂಡದ ಹಾಡು ಅದು. ಟೋಲ್ಕಿನ್ನರ ಕಲ್ಪಿತ ಲೋಕದ ಕಥೆಗಳೇ ಆ ತಂಡದ ವಸ್ತು. ಗಾಯಕನೊಬ್ಬ ಗಂಟಲಿನಾಳದಿಂದ ಗರ್ಜಿಸಿದರೆ, ಕೈಸಾ ಯೌಹ್ಕಿ ಎಂಬ ಗಾಯಕಿ ತಿಳಿಯಾದ ಕಂಠದಲ್ಲಿ ಹಾಡುತ್ತಾಳೆ. ಯಕ್ಷಗಾನದ ಬಣ್ಣದ ವೇಷದ ಅಬ್ಬರವೂ ಭಾಗವತರ ಪದವೂ ನೆನಪಾದವು. ಬೆಂಗಳೂರಿಗೂ ಇದು ಹೊಸತಲ್ಲವೆಂದು ಮಗ ತಿಳಿಸಿದ: 1998ರಲ್ಲಿ ಇಲ್ಲೇ ಆರಂಭವಾದ ಕ್ರಿಪ್ಟೋಸ್ ತಂಡ, ಒರಟು ಕಂಠಕ್ಕೆ ಇಂಪಾದ ಗಿಟಾರ್‌ಗಳನ್ನು ಜೋಡಿಸಿ, 2013ರಲ್ಲಿ ಜರ್ಮನಿಯ ವಾಕನ್ ಉತ್ಸವದಲ್ಲಿ ನುಡಿಸಿ ಬಂದಿದೆ.

ಆ ರಾತ್ರಿ 'ಗದಾಯುದ್ಧ'ವನ್ನು ಮತ್ತೆ ತೆರೆದೆ. ಭೀಮನ ಗರ್ಜನೆಗೆ ವೈಶಂಪಾಯನ ಸರೋವರದ ನೀರೊಳಗಿದ್ದೂ ದುರ್ಯೋಧನ ಬೆವರುತ್ತಾನೆ. ಅದಕ್ಕೆ ಮೊದಲು ಅದೇ ದುರ್ಯೋಧನ ರಣಭೂಮಿಯಲ್ಲಿ ದುಶ್ಶಾಸನನಿಗಾಗಿ, ಕರ್ಣನಿಗಾಗಿ ಅತ್ತಿದ್ದಾನೆ. ವೈರಿಯ ಮಗನಾದ ಅಭಿಮನ್ಯುವಿನ ಶೌರ್ಯವನ್ನೂ ಕೊಂಡಾಡಿದ್ದಾನೆ. ಈ ಎರಡು ದನಿಗಳನ್ನೂ ನಾನು ಇಷ್ಟು ಕಾಲ ಒಂದೇ ದನಿಯಲ್ಲಿ ಓದಿ, ಅರ್ಥ ಹೇಳಿ ಮುಗಿಸಿದ್ದೆ.

ಜೈನನಾದ ನನಗೆ ಇನ್ನೊಂದು ಅಳುಕಿತ್ತು. 'ತತ್ತ್ವಾರ್ಥಸೂತ್ರ'ವು ಧ್ಯಾನವನ್ನು ಆರ್ತ, ರೌದ್ರ, ಧರ್ಮ್ಯ, ಶುಕ್ಲ ಎಂದು ವಿಂಗಡಿಸಿ, ಕೊನೆಯ ಎರಡನ್ನಷ್ಟೇ ಮೋಕ್ಷಹೇತು ಎನ್ನುತ್ತದೆ. ಹಿಂಸೆಯಲ್ಲಿ ಚಿತ್ತ ನೆಲೆನಿಲ್ಲುವುದು ರೌದ್ರಧ್ಯಾನ. ಹಾಗಾದರೆ ಯುದ್ಧದ ಅಬ್ಬರದಲ್ಲಿ ಸುಖ ಕಾಣುವುದು ಸರಿಯೇ? ಉತ್ತರಕ್ಕೆ ರನ್ನನ ಬಳಿಗೇ ಹೋಗಬೇಕಾಯಿತು. ಭೀಮನನ್ನು ಗರ್ಜಿಸುವಂತೆ ಮಾಡಿದ ಕವಿಯೇ 993ರಲ್ಲಿ, ಅತ್ತಿಮಬ್ಬೆಯ ಆಶ್ರಯದಲ್ಲಿ, ಎರಡನೆಯ ತೀರ್ಥಂಕರನ ಚರಿತೆಯಾದ 'ಅಜಿತಪುರಾಣ'ವನ್ನು ರಚಿಸಿದ. ಧ್ಯಾನದ ರೌದ್ರ ಮನಸ್ಸನ್ನು ಕ್ರೋಧಕ್ಕೆ ಕಟ್ಟಿಹಾಕುತ್ತದೆ. ರಸವಾದ ರೌದ್ರ ಆ ಕ್ರೋಧವನ್ನು ದೂರದಿಂದ ನೋಡುವ ಅವಕಾಶ ಕೊಡುತ್ತದೆ. ಗರ್ಜನೆಯ ಬೆನ್ನಿಗೇ ವಿಲಾಪ ಕೇಳಿಸುವುದರಿಂದಲೇ ಆ ದೂರ ಸಾಧ್ಯವಾಗುತ್ತದೆಂದು ತೋರುತ್ತದೆ.

ಮುಂದಿನ ತರಗತಿಯಲ್ಲಿ ಭೀಮನ ಮಾತನ್ನು ಏರುದನಿಯಲ್ಲಿ ಓದಿದೆ. ದನಿ ಒಡೆಯಿತು, ಹಿಂದಿನ ಬೆಂಚಿನವರು ನಕ್ಕರು. ದುರ್ಯೋಧನನ ವಿಲಾಪಕ್ಕೆ ಮರಳಿದಾಗ ಯಾರೂ ನಗಲಿಲ್ಲ.

ಮಗನಲ್ಲಿ ಕ್ಷಮೆ ಕೇಳಬೇಕಿತ್ತು; ಬಾಯಿ ಬರಲಿಲ್ಲ. 'ಗದಾಯುದ್ಧ'ದ ಪ್ರತಿಯೊಂದನ್ನು ಅವನ ಮೇಜಿನ ಮೇಲಿಟ್ಟು ಬಂದೆ.